12 ಮೀಟರ್‌ಗೆ 4.1 ಗ್ರಾಂ: ಚಿನ್ನದ ಡ್ರಿಲ್ಲಿಂಗ್ ಫಲಿತಾಂಶ ಓದುವುದು ಹೇಗೆ?

ಪ್ರಶ್ನೆ: ನಾನು ಪರ್ತ್‌ನಲ್ಲಿರುವ ಕನ್ನಡಿಗ, ಸಾಫ್ಟ್‌ವೇರ್ ಕೆಲಸ. ಇಲ್ಲಿನ ಒಂದು ಸಣ್ಣ ಚಿನ್ನದ ಕಂಪನಿಯ ಷೇರು ತಗೊಂಡಿದ್ದೇನೆ. ಅವರ ಮೊದಲ ಸುತ್ತಿನ ಡ್ರಿಲ್ಲಿಂಗ್ ಫಲಿತಾಂಶ ಬಂದಿದೆ. ‘42 ಮೀಟರ್‌ನಿಂದ ಮುಂದಕ್ಕೆ 12 ಮೀಟರ್, ಟನ್‌ಗೆ 4.1 ಗ್ರಾಂ, ಅದರೊಳಗೆ 1 ಮೀಟರ್, ಟನ್‌ಗೆ 44 ಗ್ರಾಂ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಬೆಳಿಗ್ಗೆ ಷೇರು ಏರಿತು, ಸಂಜೆ ಇಳಿಯಿತು. ಇದು ಒಳ್ಳೆ ಸುದ್ದಿನಾ, ಅಲ್ವಾ?

ಉತ್ತರ: ಕೆಟ್ಟ ಸುದ್ದಿಯಂತೂ ಅಲ್ಲ. ಆದರೆ ಆ ಒಂದು ಸಾಲು ನೋಡಿ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ.

ಮೊದಲು ಕಾಗದ ತಗೊಂಡು ಒಂದು ಲೆಕ್ಕ ಹಾಕಿ. 12 ಮೀಟರನ್ನು 4.1ರಿಂದ ಗುಣಿಸಿದರೆ 49.2. ಇದನ್ನು ಗ್ರಾಂ-ಮೀಟರ್ ಅನ್ನುತ್ತಾರೆ. ಇದರಲ್ಲಿ 44 ಒಂದೇ ಮೀಟರ್‌ನಿಂದ ಬಂದಿದೆ. ಅದನ್ನು ಕಳೆದರೆ ಉಳಿಯುವುದು 5.2. ಅದನ್ನು ಮಿಕ್ಕ 11 ಮೀಟರ್‌ಗೆ ಹಂಚಿದರೆ ಟನ್‌ಗೆ ಅರ್ಧ ಗ್ರಾಂ ಕೂಡ ಬರಲ್ಲ, ಬರೀ 0.47. ಅಂದರೆ ಆ ಬೋರ್‌ನಲ್ಲಿ ಸಿಕ್ಕಿದ್ದು ಒಂದು ಮೀಟರ್‌ನ ಜೋರಾದ ಅದಿರು, ಅದರ ಅಕ್ಕಪಕ್ಕ ತೆಳುವಾಗಿ ಹರಡಿದ ಚಿನ್ನ. 4.1 ಅನ್ನುವ ಗ್ರೇಡಿನ (ಟನ್ ಕಲ್ಲಿನಲ್ಲಿರುವ ಚಿನ್ನದ ಪ್ರಮಾಣ) ಕಲ್ಲು ಆ 12 ಮೀಟರ್‌ನಲ್ಲಿ ಎಲ್ಲಿಯೂ ಇಲ್ಲದೇ ಇರಬಹುದು. ‘ಅದರೊಳಗೆ’ ಎಂದು ಆ ಮೀಟರನ್ನು ಬೇರೆಯಾಗಿ ತೋರಿಸಿದ್ದಾರಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಕಂಪನಿ ಪ್ರಾಮಾಣಿಕ. ಅದನ್ನೂ ತೋರಿಸದವರು ಇದ್ದಾರೆ.

0.47 ಗ್ರಾಂ ದಂಡ ಅಂತಲ್ಲ. ನಿಮ್ಮ ಪರ್ತ್‌ನ ದಕ್ಷಿಣಕ್ಕಿರುವ ಬಾಡಿಂಗ್ಟನ್‌ನಲ್ಲಿ ಟನ್‌ಗೆ ಒಂದು ಗ್ರಾಂಗಿಂತ ಕಡಿಮೆ ಇರುವ ಕಲ್ಲನ್ನೇ ತೆರೆದ ಗಣಿಯಲ್ಲಿ ಅಗೆಯುತ್ತಾರೆ, ಜೊತೆಗೆ ತಾಮ್ರವೂ ಸಿಗುತ್ತದೆ. ಅಲ್ಲಿ ಬಂಡೆಯ ಗಾತ್ರ ಬೃಹತ್ತು, ಯಂತ್ರಗಳೂ ಹಾಗೆಯೇ. ಆದರೆ ನೆಲದಡಿ ಸುರಂಗ ತೋಡಿ ತೆಗೆಯಬೇಕಾದ ಅದಿರಿಗೆ ಅರ್ಧ ಗ್ರಾಂ ಎಲ್ಲಿಗೂ ಸಾಲದು. ಆಗ ನಿಮ್ಮ ಕೈಲಿರುವುದು ಆ ಒಂದು ಮೀಟರ್ ಮಾತ್ರ.

ಅದು ಕೂಡ ನಿಜವಾಗಿ ಒಂದು ಮೀಟರ್ ಹೌದಾ? ಇಲ್ಲಿ ಕೋನದ ಮಾತು ಬರುತ್ತದೆ. ಸೌತೆಕಾಯಿಯನ್ನು ನೇರ ಅಡ್ಡಕ್ಕೆ ಹೆಚ್ಚಿದರೆ ದುಂಡನೆಯ ಹೋಳು, ಓರೆಯಾಗಿ ಹೆಚ್ಚಿದರೆ ಉದ್ದನೆಯ ಹೋಳು. ಕಾಯಿ ದಪ್ಪ ಆಗಿರಲ್ಲ. ಡ್ರಿಲ್ ಕೂಡ ಅದಿರಿನ ಪಟ್ಟಿಯನ್ನು ಹಾಗೇ ಕತ್ತರಿಸುತ್ತದೆ. ಬೋರ್ ಮತ್ತು ಪಟ್ಟಿಯ ನಡುವಿನ ಕೋನ 30 ಡಿಗ್ರಿ ಇದ್ದರೆ, ಬೋರ್ ಉದ್ದಕ್ಕೆ ಕಂಡ 12 ಮೀಟರ್ ನಿಜದಲ್ಲಿ 6 ಮೀಟರ್ ದಪ್ಪ. ನಿಮ್ಮ 44 ಗ್ರಾಂನ ಮೀಟರ್ ಅರ್ಧ ಮೀಟರ್ ಆಗುತ್ತದೆ. ಪಟ್ಟಿ ಇಳಿಯುವ ದಿಕ್ಕಿನಲ್ಲೇ ಬೋರ್ ಹಾಕಿದರಂತೂ ಒಂದೆರಡು ಮೀಟರ್ ದಪ್ಪದ ಪಟ್ಟಿಯಲ್ಲಿ 50-60 ಮೀಟರ್ ಫಲಿತಾಂಶ ತೋರಿಸಬಹುದು. ಪ್ರಕಟಣೆಯಲ್ಲಿ ‘ಬೋರ್ ಉದ್ದದ ಅಳತೆ, ನಿಜವಾದ ದಪ್ಪ ಗೊತ್ತಿಲ್ಲ’ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೊದಲ ಸುತ್ತಿನಲ್ಲಿ ಅದು ಸಹಜ. ಪಟ್ಟಿ ಯಾವ ಕಡೆ ವಾಲಿದೆ ಅನ್ನುವುದು ಎರಡು ಮೂರು ಬೋರ್ ಆದಮೇಲೇ ಗೊತ್ತಾಗುವುದು. ನಾಲ್ಕನೇ ಸುತ್ತಿನಲ್ಲೂ ಅದೇ ಸಾಲು ಇದ್ದರೆ ಸ್ವಲ್ಪ ಹುಷಾರಾಗಿ.

ಇನ್ನು ಕೋರ್ (ಪುಡಿಯಾಗದೆ ಇಡಿಯಾಗಿ ಬರುವ ಉರುಟು ಕಲ್ಲಿನ ಕಂಬಿ) ತೆಗೆದಿದ್ದಾರಾ, ಆರ್‌ಸಿ (ರಿವರ್ಸ್ ಸರ್ಕ್ಯುಲೇಷನ್, ಕಲ್ಲನ್ನು ಪುಡಿ ಮಾಡಿ ತೆಗೆಯುವ ವಿಧಾನ) ಡ್ರಿಲ್ಲಿಂಗಾ ನೋಡಿ. ಆಸ್ಟ್ರೇಲಿಯಾದಲ್ಲಿ ಮೊದಲ ಹಂತದಲ್ಲಿ ಆರ್‌ಸಿಯೇ ಜಾಸ್ತಿ; ಬೇಗ ಆಗುತ್ತದೆ, ಅಗ್ಗ. ಗಾಳಿಯ ಒತ್ತಡದಲ್ಲಿ ಕಲ್ಲಿನ ಪುಡಿ ಕೊಳವೆಯ ಒಳಗಿಂದ ಮೇಲೆ ಬರುತ್ತದೆ, ಪ್ರತಿ ಮೀಟರ್‌ಗೆ ಒಂದು ಚೀಲ. ಒಣಗಿದ ನೆಲದಲ್ಲಿ ಏನೂ ತೊಂದರೆ ಇಲ್ಲ. ಕೆಳಗೆ ನೀರು ಬಂತು ಅಂದರೆ ಪುಡಿ ಕೆಸರಾಗುತ್ತದೆ, ಮೇಲಿನ ಚಿನ್ನ ಕೆಳಗಿನ ಸ್ಯಾಂಪಲ್‌ಗೆ ಸೇರುತ್ತದೆ. ಫಲಿತಾಂಶದ ಅಂಕಿಗಳಲ್ಲಿ 20, 6, 2, 0.7 ಎಂದು ಇಳಿಯುತ್ತಾ ಹೋಗುವ ಬಾಲ ಕಂಡರೆ ನನಗೆ ಮೊದಲು ಬರುವ ಅನುಮಾನ ಅದೇ. ಇನ್ನೊಂದು ಗುರುತೂ ಇದೆ. ಡ್ರಿಲ್ ರಾಡ್ 6 ಮೀಟರ್ ಉದ್ದದ್ದಾಗಿದ್ದು, ಚಿನ್ನವೂ ಸರಿಯಾಗಿ 6 ಮೀಟರ್‌ಗೊಮ್ಮೆ ಮೇಲೆದ್ದು ಇಳಿಯುತ್ತಿದ್ದರೆ, ರಾಡ್ ಸೇರಿಸುವಾಗ ಬೋರ್ ಗೋಡೆಯಿಂದ ಉದುರಿದ್ದು ಸ್ಯಾಂಪಲ್‌ಗೆ ಬಂದಿರಬಹುದು. ಅಂಥ ಜಾಗದಲ್ಲಿ ಪಕ್ಕದಲ್ಲೇ ಒಂದು ಕೋರ್ ಬೋರ್ ಹಾಕಿ ತಾಳೆ ನೋಡದೆ ಮುಂದೆ ಹೋಗಬಾರದು.

ಇಷ್ಟಾದಮೇಲೆ ಪ್ರಕಟಣೆಯ ಕೊನೆ ಪುಟಗಳಿಗೆ ಹೋಗಿ. ಅಲ್ಲಿ ಜಾರ್ಕ್ ಕೋಡ್ (ಗಣಿ ಕಂಪನಿಗಳು ಫಲಿತಾಂಶ ಹೇಗೆ ಪ್ರಕಟಿಸಬೇಕೆಂಬ ಆಸ್ಟ್ರೇಲಿಯಾದ ನಿಯಮಾವಳಿ) ಪ್ರಕಾರ ಒಂದು ದೊಡ್ಡ ಕೋಷ್ಟಕ ಇರುತ್ತದೆ: ಪ್ರತಿ ಬೋರ್ ಎಲ್ಲಿ, ಎಷ್ಟು ಆಳ, ಯಾವ ದಿಕ್ಕಿಗೆ, ಎಷ್ಟು ಓರೆ. ಏನೂ ಸಿಗದ ಬೋರ್‌ಗಳ ಸುದ್ದಿಯೂ ಅಲ್ಲೇ ಇರಬೇಕು. ನನಗಂತೂ ಮೊದಲ ಪುಟಕ್ಕಿಂತ ಆ ಪುಟಗಳ ಮೇಲೆ ನಂಬಿಕೆ ಜಾಸ್ತಿ. ನಿಮ್ಮ 12 ಮೀಟರ್ ಬೋರ್‌ನ ಉತ್ತರಕ್ಕೆ 40 ಮೀಟರ್, ದಕ್ಷಿಣಕ್ಕೆ 40 ಮೀಟರ್ ದೂರದಲ್ಲಿ ಏನು ಸಿಕ್ಕಿದೆ? ಎರಡೂ ಕಡೆ 2-3 ಗ್ರಾಂ ಸಿಕ್ಕಿದ್ದರೆ, ಅದು ದಪ್ಪಕ್ಷರದ 44ಕ್ಕಿಂತ ಎಷ್ಟೋ ಮೇಲು. ಯಾಕೆ ಅಂದರೆ, 200 ಮೀಟರ್ ಉದ್ದ, 100 ಮೀಟರ್ ಆಳ, 2 ಮೀಟರ್ ದಪ್ಪದ ಪಟ್ಟಿ ಇದೆ ಅಂತಿಟ್ಟುಕೊಳ್ಳಿ. ಘನ ಮೀಟರ್‌ಗೆ 2.8 ಟನ್ ಹಿಡಿದರೆ 1,12,000 ಟನ್ ಕಲ್ಲು. ಟನ್‌ಗೆ 3 ಗ್ರಾಂ ಇದ್ದರೂ ಒಟ್ಟು ಚಿನ್ನ 336 ಕಿಲೋ. ಗಣಿಗೆ ಇದೂ ಚಿಕ್ಕದೇ. ಒಂದು ಬೋರ್‌ನ ಫಲಿತಾಂಶದಿಂದ ಇಲ್ಲಿಗೆ ಬರಲು ಎಷ್ಟು ಬೋರ್ ಬೇಕು ನೀವೇ ಯೋಚಿಸಿ.

ಹಾಗಂತ ಏನೂ ಸಿಗದ ಬೋರ್ ನೋಡಿ ಓಡಿಹೋಗಬೇಕಾಗಿಯೂ ಇಲ್ಲ. ಚಿನ್ನ ಪಟ್ಟಿಯ ಉದ್ದಕ್ಕೂ ಒಂದೇ ಸಮ ಇರಲ್ಲ, ಅಲ್ಲಲ್ಲಿ ಗೊಂಚಲಾಗಿ ಇಳಿಯುತ್ತದೆ, ನಡುವೆ ಖಾಲಿ ಕಲ್ಲು. ನಮ್ಮ ಕೋಲಾರದಲ್ಲೇ 1880ರ ದಶಕದಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ದುಡ್ಡು ಖಾಲಿಯಾಗಿ ಬಾಗಿಲು ಹಾಕುವ ಸ್ಥಿತಿಗೆ ಬಂದಿತ್ತು. ಉಳಿದ ಹಣದಲ್ಲಿ ಇನ್ನೊಂದಿಷ್ಟು ಅಗೆದಾಗ ಚಾಂಪಿಯನ್ ರೀಫ್ ಎಂಬ ಸಮೃದ್ಧ ಅದಿರಿನ ಪಟ್ಟಿ ಸಿಕ್ಕಿತು. ಮುಂದೆ 2001ರಲ್ಲಿ ಮುಚ್ಚುವವರೆಗೆ ಕೆಜಿಎಫ್ ಕೊಟ್ಟ ಚಿನ್ನ ಸುಮಾರು 800 ಟನ್.

ಪ್ರಶ್ನೆ: ನಾನು ಎಂಎಸ್ಸಿ ಭೂವಿಜ್ಞಾನ ವಿದ್ಯಾರ್ಥಿನಿ. ಕೋರ್ ಷೆಡ್‌ನಲ್ಲಿ ತರಬೇತಿಗೆ ಹೋಗಿದ್ದೆ. ಕೋರ್ ಸೀಳಿ ಅರ್ಧ ಮಾತ್ರ ಲ್ಯಾಬ್‌ಗೆ ಕಳಿಸುತ್ತಾರೆ. ಚಿನ್ನವೇ ಇಲ್ಲದ ಕಲ್ಲನ್ನೂ ಬೇಕಂತಲೇ ಚೀಲಕ್ಕೆ ತುಂಬಿ ನಂಬರ್ ಹಾಕುತ್ತಾರೆ. ಒಂದೇ ಸ್ಯಾಂಪಲ್‌ಗೆ ಎರಡು ಸಲ ಬೇರೆ ಬೇರೆ ಗ್ರೇಡ್ ಬಂದಿದ್ದನ್ನೂ ನೋಡಿದೆ. ಯಾವುದನ್ನು ನಂಬೋದು?

ಉತ್ತರ: ಕೊನೆಯದರಿಂದ ಶುರು ಮಾಡೋಣ. ಎನ್‌ಕ್ಯೂ ಅನ್ನುವ ಸಾಮಾನ್ಯ ಅಳತೆಯ ಕೋರ್‌ನ ವ್ಯಾಸ 47.6 ಮಿಲಿಮೀಟರ್. ಒಂದು ಮೀಟರ್ ಕೋರ್ ಸುಮಾರು 5 ಕಿಲೋ ತೂಗುತ್ತದೆ. ಸೀಳಿದರೆ ಎರಡೂವರೆ ಕಿಲೋ. ಲ್ಯಾಬ್‌ನಲ್ಲಿ ಅದನ್ನು ನುಣ್ಣಗೆ ಪುಡಿ ಮಾಡಿ, ಫೈರ್ ಅಸೇಗೆ (ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಚಿನ್ನ ಬೇರ್ಪಡಿಸಿ ಅಳೆಯುವ ಪರೀಕ್ಷೆ) ಹಾಕುವುದು 30 ಅಥವಾ 50 ಗ್ರಾಂ ಅಷ್ಟೇ. ಈಗ ಅದರಲ್ಲಿ ಉದ್ದ, ಅಗಲ, ಎತ್ತರ ಎಲ್ಲವೂ 0.2 ಮಿಲಿಮೀಟರ್ ಇರುವ ಒಂದೇ ಒಂದು ಚಿನ್ನದ ಕಣ ಇದೆ ಅಂದುಕೊಳ್ಳಿ. ಉಪ್ಪಿನ ಹರಳಿಗಿಂತಲೂ ಸಣ್ಣದು. ಅದರ ತೂಕ ಸುಮಾರು 0.15 ಮಿಲಿಗ್ರಾಂ. 50 ಗ್ರಾಂ ಪುಡಿಯಲ್ಲಿ ಅದೊಂದು ಕಣ ಬಿದ್ದರೆ ಫಲಿತಾಂಶ ಟನ್‌ಗೆ 3 ಗ್ರಾಂ, ಬೀಳದಿದ್ದರೆ ಸೊನ್ನೆ. ಚಿನ್ನ ಮೆತ್ತಗಿನ ಲೋಹ, ಗಿರಣಿಯಲ್ಲಿ ಪುಡಿಯಾಗದೆ ಚಪ್ಪಟೆಯಾಗಿ ಉಳಿದುಬಿಡುತ್ತದೆ, ಹಾಗಾಗಿ ಇದು ಬರೀ ಪುಸ್ತಕದ ಲೆಕ್ಕ ಅಲ್ಲ. ನೀವು ನೋಡಿದ ಎರಡು ಗ್ರೇಡ್‌ಗಳೂ ಸರಿಯಾಗಿರಬಹುದು!

ಇದನ್ನು ನಗೆಟ್ ಎಫೆಕ್ಟ್ ಅನ್ನುತ್ತಾರೆ. ಮೇಲಿನ ಪ್ರಶ್ನೆಯ 44 ಗ್ರಾಂ ಬಗ್ಗೆಯೂ ಇದೇ ಅನುಮಾನ ಇಟ್ಟುಕೊಳ್ಳಬೇಕು. ದಪ್ಪ ಕಣದ ಚಿನ್ನ ಇದ್ದಲ್ಲಿ ಸ್ಕ್ರೀನ್ ಫೈರ್ ಅಸೇ ಮಾಡಿಸಬೇಕು. ಒಂದು ಕಿಲೋದಷ್ಟು ಪುಡಿಯನ್ನು ಜರಡಿ ಹಿಡಿದು, ಮೇಲೆ ಉಳಿದದ್ದನ್ನು ಪೂರ್ತಿ, ಕೆಳಗೆ ಬಿದ್ದದ್ದನ್ನು ಬೇರೆ ಪರೀಕ್ಷಿಸುವ ವಿಧಾನ ಅದು. ಖರ್ಚು ಹೆಚ್ಚು, ಆದರೆ ಆ ಖರ್ಚು ಉಳಿಸಲು ಹೋಗಬಾರದು.

ಖಾಲಿ ಕಲ್ಲಿನ ಚೀಲಕ್ಕೆ ಬ್ಲಾಂಕ್ ಅನ್ನುತ್ತಾರೆ. ಕಣ್ಣಿಗೆ ಚಿನ್ನ ಕಂಡ ಸ್ಯಾಂಪಲ್ ಆದ ತಕ್ಷಣ ಒಂದು ಬ್ಲಾಂಕ್ ಇಡಿ. ಅದರಲ್ಲಿ 0.3 ಗ್ರಾಂ ಬಂದರೆ ಲ್ಯಾಬ್‌ನವರು ಗಿರಣಿ ಸರಿಯಾಗಿ ತೊಳೆದಿಲ್ಲ. ಗ್ರೇಡ್ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ಪುಡಿಯನ್ನೂ ನಡುನಡುವೆ ಸೇರಿಸುತ್ತಾರೆ. ಯಾವ ಚೀಲ ಯಾವುದು ಅಂತ ಲ್ಯಾಬ್‌ಗೆ ಗೊತ್ತಿರಬಾರದು, ಅಷ್ಟೇ ಗುಟ್ಟು. ಕೋರ್ ಸೀಳುವಾಗ ನಿಮ್ಮ ಮೇಲೂ ಒಂದು ಕಣ್ಣಿರಲಿ. ಬೆಣಚುಕಲ್ಲಿನ ನರ ಒಂದು ಕಡೆ ಜಾಸ್ತಿ ಕಂಡರೆ ಕೈ ತಾನಾಗಿ ಆ ಅರ್ಧವನ್ನೇ ಚೀಲಕ್ಕೆ ಹಾಕುತ್ತದೆ. ಅದಕ್ಕೇ ಮೊದಲು ಗೆರೆ ಎಳೆದು, ಯಾವಾಗಲೂ ಗೆರೆಯ ಒಂದೇ ಬದಿಯ ಅರ್ಧ ಕಳಿಸುವುದು.

ಇನ್ನರ್ಧ ಪೆಟ್ಟಿಗೆಯಲ್ಲಿ ಯಾಕೆ ಉಳಿಯಬೇಕು ಅನ್ನುವುದಕ್ಕೆ ಇಂಡೋನೇಷ್ಯಾದ ಬುಸಾಂಗ್ ಸಾಕು. ಪೂರ್ವ ಕಾಲಿಮಂತನ್ ಕಾಡಿನ ಆ ಜಾಗದಲ್ಲಿ ಕೆನಡಾದ ಬ್ರೆ-ಎಕ್ಸ್ ಕಂಪನಿ 1997ರ ಆರಂಭದಲ್ಲಿ 7.1 ಕೋಟಿ ಔನ್ಸ್ ಚಿನ್ನ ಇದೆ ಎಂದಿತ್ತು, ಹೆಚ್ಚುಕಮ್ಮಿ 2,200 ಟನ್. ಕೆಜಿಎಫ್ 120 ವರ್ಷದಲ್ಲಿ ಕೊಟ್ಟದ್ದರ ಎರಡೂವರೆ ಪಟ್ಟಿಗೂ ಮಿಗಿಲು! ಅವರು ಕೋರ್ ಸೀಳುತ್ತಲೇ ಇರಲಿಲ್ಲ, ಬಹುತೇಕ ಪೂರ್ತಿ ಪುಡಿ ಮಾಡಿ ಕಳಿಸುತ್ತಿದ್ದರು. ಚಿನ್ನ ದಪ್ಪ ಕಣದ್ದು, ಹಾಗಾಗಿ ದೊಡ್ಡ ಸ್ಯಾಂಪಲ್ ಬೇಕು ಅನ್ನುವುದು ಅವರ ಸಮಜಾಯಿಷಿ. ಕೇಳಲು ಸರಿ ಅನಿಸುತ್ತದೆ, ಈಗಷ್ಟೇ ನಾನೂ ಅದೇ ಮಾತು ಹೇಳಿದೆನಲ್ಲ! ಆದರೆ ಪರೀಕ್ಷಿಸಲು ಮೂಲ ಕಲ್ಲು ಉಳಿಯಲಿಲ್ಲ. ಪಾಲುದಾರಿಕೆಗೆ ಬಂದ ಫ್ರೀಪೋರ್ಟ್ ಕಂಪನಿ ಹಳೇ ಬೋರ್‌ಗಳ ಪಕ್ಕದಲ್ಲೇ ತಾನೂ ಬೋರ್ ಹಾಕಿತು. ಹೇಳಿಕೊಳ್ಳುವಷ್ಟು ಚಿನ್ನ ಸಿಗಲಿಲ್ಲ. ಹಳೇ ಪುಡಿಯಲ್ಲಿದ್ದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಚು ಸವೆದು ದುಂಡಗಿದ್ದವು, ಹೊಳೆ ಮರಳಿನ ಚಿನ್ನದ ಹಾಗೆ. ಅಂದರೆ ಹೊರಗಿನಿಂದ ತಂದು ಆಮೇಲೆ ಪುಡಿಗೆ ಸೇರಿಸಿದ್ದು ಅವು. 1997ರ ಮೇ ತಿಂಗಳಲ್ಲಿ ಸ್ವತಂತ್ರ ತನಿಖೆಯ ವರದಿ ಬಂದು ಎಲ್ಲ ಬಯಲಾಯಿತು. ಗಣಿ ಕಂಪನಿಗಳು ಮಾಹಿತಿ ಹೇಗೆ ಪ್ರಕಟಿಸಬೇಕೆಂಬ ಕೆನಡಾದ 43-101 ನಿಯಮಗಳು 2001ರಲ್ಲಿ ಬಂದದ್ದು ಈ ಹಗರಣದ ಬಿಸಿಯಿಂದಲೇ.

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಕಡೆ ಕೋರ್ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಅಲ್ಲಿ ಬಿಳಿ ಬೆಣಚಿನ ನರವನ್ನೇ ನೋಡುತ್ತಾ ಕೂರದೆ, ಅದರ ಅಕ್ಕಪಕ್ಕದ ಹಸಿರುಗಪ್ಪು ಆಂಫಿಬೊಲೈಟ್ ಶಿಲೆ ಎಲ್ಲಿ ಕಂದುಬಣ್ಣದ ಬಯೊಟೈಟ್ (ಒಂದು ಬಗೆಯ ಅಭ್ರಕ) ಆಗಿ ಬದಲಾಗಿದೆ, ಎಲ್ಲಿ ಬೆಳ್ಳಿಬಣ್ಣದ ಆರ್ಸೆನೊಪೈರೈಟ್ ಖನಿಜದ ಸೂಜಿಗಳು ಕಾಣುತ್ತವೆ ನೋಡಿ. ಚಿನ್ನ ಕಣ್ಣಿಗೆ ಬೀಳದಿದ್ದರೂ ಅದರ ಜೊತೆಗಾರರು ಕಾಣುತ್ತಾರೆ. ಅಸೇ ಬರುವ ಮೊದಲೇ ಇಲ್ಲಿ ಇಷ್ಟು ಬರಬಹುದು ಅಂತ ನಿಮ್ಮ ಲಾಗ್‌ನಲ್ಲಿ ಬರೆದಿಡಿ. ಊಹೆ ತಪ್ಪಿದ ಕಡೆಯೇ ಕಲಿಯಲು ಹೆಚ್ಚು ಇರುವುದು.

ಪ್ರಶ್ನೆ: ನಮ್ಮದು ಲಿಂಗಸುಗೂರು ತಾಲೂಕು. ಪಕ್ಕದ ಹೊಲದಲ್ಲಿ ಮಷಿನ್ ತಂದು ಓರೆಯಾಗಿ ಬೋರ್ ಹಾಕಿ, ಕಲ್ಲನ್ನು ಉದ್ದುದ್ದ ಪೆಟ್ಟಿಗೆಯಲ್ಲಿ ತಗೊಂಡು ಹೋದರು. ಊರಲ್ಲಿ ಎಲ್ಲರೂ ಬಂಗಾರ ಸಿಕ್ಕಿದೆ ಅಂತಾರೆ. ಹೊಲ ಹೋಗುತ್ತಾ ಸಾರ್? ನಮ್ಮ ಬದುವಿನಲ್ಲೂ ಹೊಳೆಯುವ ಕಲ್ಲು ಇವೆ.

ಉತ್ತರ: ಬೋರ್ ಹಾಕಿದ ಮಾತ್ರಕ್ಕೆ ಹೊಲ ಹೋಗುವುದಿಲ್ಲ. ನಮ್ಮ ದೇಶದಲ್ಲಿ ಖನಿಜ ಹುಡುಕಾಟಕ್ಕೆ ಜಿ4ರಿಂದ ಜಿ1ರವರೆಗೆ ನಾಲ್ಕು ಹಂತ. ಮೊದಲ ಹಂತಗಳಲ್ಲಿ ಬೋರ್‌ಗಳು ದೂರ ದೂರ, ಅವುಗಳ ಕೆಲಸ ಇಲ್ಲಿ ಮುಂದೆ ಹುಡುಕಬೇಕಾ ಬೇಡವಾ ಎಂದು ಹೇಳುವುದಷ್ಟೇ. ಹೆಚ್ಚಿನ ಕಡೆ ಉತ್ತರ ‘ಬೇಡ’ ಎಂದೇ ಬರುತ್ತದೆ. ನಿಮ್ಮ ಭಾಗ ಹಟ್ಟಿ-ಮಸ್ಕಿ ಶಿಲಾಪಟ್ಟಿಗೆ ಸೇರಿದ್ದು, ಹಾಗಾಗಿ ಹುಡುಕುವವರು ಮತ್ತೆ ಮತ್ತೆ ಬರುತ್ತಾರೆ. ಓರೆಯಾಗಿ ಹಾಕಿದ್ದು ಯಾಕೆ ಅಂದರೆ ಅಲ್ಲಿನ ಪಟ್ಟಿಗಳು ಕಡಿದಾಗಿ ಕೆಳಗಿಳಿಯುತ್ತವೆ, ನೇರ ಬೋರ್ ಹಾಕಿದರೆ ಅವು ತಪ್ಪಿಹೋಗುತ್ತವೆ. ಪೆಟ್ಟಿಗೆಯಲ್ಲಿ ಹೋದದ್ದು ಕೋರ್, ಪರೀಕ್ಷೆಗೆ. ಲ್ಯಾಬ್ ಫಲಿತಾಂಶ ಬರುವವರೆಗೆ ಹಾಕಿದವರಿಗೇ ಏನೂ ಗೊತ್ತಿರಲ್ಲ, ಊರಿನವರಿಗೆ ಹೇಗೆ ಗೊತ್ತಾಯಿತೋ!

ನಿಮ್ಮ ಹೊಲಕ್ಕೂ ಬಂದರೆ ಯಾವ ಇಲಾಖೆ ಅಥವಾ ಕಂಪನಿ, ಅನುಮತಿ ಪತ್ರ ಎಲ್ಲಿದೆ ಎಂದು ಕೇಳಿ ನೋಡಿ. ಪ್ರತಿ ಇಟ್ಟುಕೊಳ್ಳಿ. ಬೆಳೆಗೆ, ಬದುವಿಗೆ ಹಾನಿಯಾದರೆ ಭೂಮಿ ಅನುಭವಿಸುತ್ತಿರುವವರಿಗೆ ಪರಿಹಾರ ಕೊಡಬೇಕೆಂದು ಗಣಿ ಮತ್ತು ಖನಿಜ ಕಾಯ್ದೆಯ 24ಎ ಕಲಂ ಹೇಳುತ್ತದೆ. ಮಷಿನ್ ಬರುವ ಮೊದಲು ಮೊಬೈಲ್‌ನಲ್ಲಿ ಹೊಲದ ಫೋಟೋ ತೆಗೆದಿಡಿ. ಕೆಲಸ ಮುಗಿದಮೇಲೆ ಬೋರ್ ಬಾಯಿ ಮುಚ್ಚಿಸಿ, ಕೆಸರು ಗುಂಡಿ ತುಂಬಿಸಿಕೊಳ್ಳಿ. ದನಕರು ಕಾಲು ಸಿಕ್ಕಿಸಿಕೊಳ್ಳುವುದು ಅಂಥಲ್ಲೇ.

ಬದುವಿನ ಕಲ್ಲಿನ ವಿಷಯ: ಹಾಳೆ ಹಾಳೆಯಾಗಿ ಏಳುವುದಾದರೆ ಕಾಗೆ ಬಂಗಾರ. ಹಿತ್ತಾಳೆ ಬಣ್ಣದ ಚೌಕ ಹರಳಾದರೆ ಪೈರೈಟ್, ಕಬ್ಬಿಣ-ಗಂಧಕದ ಖನಿಜ. ಚಾಕುವಿನ ತುದಿಯಿಂದ ಒತ್ತಿ ನೋಡಿ, ಪೈರೈಟ್ ಒಡೆದು ಪುಡಿಯಾಗುತ್ತದೆ, ಮೆರುಗಿಲ್ಲದ ಬಿಳಿ ಪಿಂಗಾಣಿಯ ಮೇಲೆ ಉಜ್ಜಿದರೆ ಕಪ್ಪು ಗೆರೆ ಬೀಳುತ್ತದೆ. ಬಂಗಾರ ಒಡೆಯುವುದಿಲ್ಲ, ತಗ್ಗು ಬೀಳುತ್ತದೆ, ಗೆರೆಯೂ ಹಳದಿ.