ಹರಾಜು ಕೂಗಿದವರೇ ಕೊಂಡಾಗ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇವರನ್ನು ಮಂಡಿ ಅಣ್ಣ ಅನ್ನೋಣ. ನಲವತ್ತರ ಆಸುಪಾಸು. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಅಪ್ಪನ ಕಾಲದಿಂದ ಟೊಮೆಟೊ ಮಂಡಿ, ಅಂದರೆ ರೈತರ ಮಾಲು ಹರಾಜು ಕೂಗಿ ಮಾರಿಕೊಡುವ ಕೆಲಸ. ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದರು. ಮೊದಲ ಅರ್ಧ ಗಂಟೆ ಬಿಪಿ, ಮಗಳ ಫೀಸು ಅಂತ ಏನೇನೋ ಹೇಳಿದರು.

ಆಮೇಲೆ ವಿಷಯ ಬಂತು. ಒಂದು ಬೆಳಗ್ಗೆ ಹರಾಜು ಮುಗಿದ ಮೇಲೆ ಹೊರರಾಜ್ಯದ ವ್ಯಾಪಾರಿಯ ಫೋನು. ಅವರ ಕಡೆ ಮಳೆಗೆ ಬೆಳೆ ಹೋಗಿದೆ, ನಾಳೆ ಎಷ್ಟಿದ್ದರೂ ಬೇಕು, ಇಲ್ಲೇ ಲಾರಿಗೆ ತುಂಬಿದರೆ 15 ಕೆಜಿ ಬಾಕ್ಸಿಗೆ 520. ಆ ದಿನ ಯಾರ್ಡಿನಲ್ಲಿ ರೇಟು 300. ಹತ್ತು ನಿಮಿಷಕ್ಕೆ ಹಳೇ ರೈತರೊಬ್ಬರ ಫೋನು.

"ಅಣ್ಣಾ, ಇವತ್ತು ಕೀಳ್ಲಾ, ಎರಡು ದಿನ ಬಿಡ್ಲಾ?"

"ಬಿಡಬೇಡಿ ಗೌಡ್ರೇ, ರೇಟು ಬೀಳೋ ಹಂಗಿದೆ. ಕಿತ್ತು ತಂದ್ಬಿಡಿ."

ಮರುದಿನ 120 ಬಾಕ್ಸ್ ಬಂತು. ಹರಾಜು ಕೂಗಿದವರು ಇವರೇ. ಭಾಮೈದನ ಹೆಸರಲ್ಲಿ 300ಕ್ಕೆ ಕೊಂಡವರೂ ಇವರೇ. ಮಧ್ಯಾಹ್ನದ ಹೊತ್ತಿಗೆ 26,400 ರೂಪಾಯಿ ಉಳಿಯಿತು.

ನನ್ನ ಅಪ್ಪನೂ ಇದೇ ಯಾರ್ಡಿಗೆ ಹಣ್ಣು ಹಾಕಿದವರು. ಕೇಳುತ್ತಾ ನನಗೇ ಸಿಟ್ಟು ಬಂತು. ನೀರು ಕುಡಿದು ಕೂತೆ.

ಅವರು ಸಮರ್ಥನೆ ಜೊತೆಗೇ ತಂದಿದ್ದರು. ವಕೀಲ ಗೆಳೆಯ ಹೇಳಿದ್ದಂತೆ. 1815ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಯುದ್ಧ ಮುಗಿದ ಸುದ್ದಿ ಊರಿಗೆ ಹಬ್ಬುವ ಮೊದಲೇ ಒಬ್ಬ ವ್ಯಾಪಾರಿ ಹೊಗೆಸೊಪ್ಪು ಕೊಂಡ. ಸುದ್ದಿ ಹೊರಬಿದ್ದಾಗ ಬೆಲೆ ಏರಿತು. 1817ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕೊಳ್ಳುವವನು ತನಗೆ ಗೊತ್ತಿದ್ದನ್ನು ಹೇಳಲೇಬೇಕು ಅಂತೇನಿಲ್ಲ ಅಂದಿತು. "ನಾನು ಮಾಡಿದ್ದೂ ಅದೇ ಅಲ್ವಾ ಮೇಡಂ? ನನ್ನ ಸಂಪರ್ಕ, ನನ್ನ ಸುದ್ದಿ."

ಅರ್ಧ ಸರಿ ಅಂದೆ. ಆ ಸುದ್ದಿಯನ್ನು ಪಕ್ಕದ ಮಂಡಿಯವರಿಗೆ ಹೇಳಬೇಕಿರಲಿಲ್ಲ. ಯಾವ ಊರಲ್ಲಿ ಮಾಲಿಲ್ಲ, ಯಾರು ಸರಿಯಾಗಿ ದುಡ್ಡು ಕೊಡುತ್ತಾರೆ ಅನ್ನೋದೆಲ್ಲ ಇಪ್ಪತ್ತು ವರ್ಷದ ಸಂಪಾದನೆ, ಬಚ್ಚಿಟ್ಟುಕೊಳ್ಳಿ. ಆದರೆ ಅದೇ ತೀರ್ಪು, ಒಬ್ಬರಿಗೊಬ್ಬರು ಮೋಸವಾಗುವ ಮಾತು ಆಡಬಾರದು ಅಂತಲೂ ಹೇಳಿದೆ. ನೀವು ಸುಮ್ನೆ ಇರಲಿಲ್ಲ, ಸುಳ್ಳು ಹೇಳಿದಿರಿ. ಇನ್ನೊಂದು, ಆ ಹೊಗೆಸೊಪ್ಪಿನವನು ಎದುರು ಪಾರ್ಟಿ. ನೀವು ಗೌಡರ ಕಡೆಯವರು. ಅವರ ಮಾಲು ಮಾರಿಕೊಡೋದೇ ನಿಮ್ಮ ಕೆಲಸ. ನಮ್ಮ 1872ರ ಕರಾರು ಕಾಯ್ದೆಯ 216ನೇ ಕಲಂ ಪ್ರಕಾರ ಏಜೆಂಟು ಮಾಲೀಕನಿಗೆ ಗೊತ್ತಿಲ್ಲದೆ ತಾನೇ ಕೊಂಡು ಲಾಭ ಮಾಡಿದರೆ, ಆ ಲಾಭ ಕೇಳುವ ಹಕ್ಕು ಮಾಲೀಕನಿಗಿದೆ.

ಬಹಳ ಹೊತ್ತು ಸುಮ್ಮನಿದ್ದರು. ಗೌಡರು ಕಡ್ಡಿ, ದಾರ, ಔಷಧಿಗೆ ಇವರ ಹತ್ತಿರವೇ ಮುಂಗಡ ತಗೊಂಡಿದ್ದಾರಂತೆ. ಬೇರೆ ಮಂಡಿಗೆ ಹೋಗುವ ಹಾಗಿಲ್ಲ. ನಿದ್ದೆ ಕೆಡಿಸಿದ್ದು ದುಡ್ಡಿಗಿಂತ ಜಾಸ್ತಿ ಇದೇ ಅಂತ ನನ್ನ ಅಂದಾಜು.

"ಮುಂಗಡದ ಲೆಕ್ಕದಲ್ಲಿ 26,400 ವಜಾ ಮಾಡಿಬಿಡ್ತೀನಿ. ಅವರಿಗೆ ಹೇಳೋದೇ ಬೇಡ," ಅಂದರು.

ಅದಕ್ಕೆ ನಾನು ಒಪ್ಪಲಿಲ್ಲ. ಆಗಲೂ ವಿಷಯ ಗೊತ್ತಿರೋದು ನಿಮಗೊಬ್ಬರಿಗೇ. ಅವರಿಗೆ ಅದು ನಿಮ್ಮ ದೊಡ್ಡತನ ಅನ್ನಿಸುತ್ತದೆ, ಇನ್ನೂ ಜಾಸ್ತಿ ನಂಬುತ್ತಾರೆ. ತೋಟಕ್ಕೆ ಹೋಗಿ, ಫೋನಲ್ಲಿ ಬೇಡ. ಏನಾಯಿತು ಅಂತ ಹೇಳಿ, ದುಡ್ಡು ಕೈಗೆ ಕೊಡಿ. ಮುಂಗಡಕ್ಕೆ ಮುರಿದುಕೊಳ್ಳೋದೋ ಬೇಡವೋ ಅವರು ಹೇಳಲಿ. ಇನ್ನು ಮುಂದೆ ನೀವೇ ಕೊಳ್ಳೋದಾದರೆ ಹರಾಜಿಗೆ ಮೊದಲೇ ರೈತರಿಗೆ ಹೇಳಿ, ಕೈಗೆ ಬಂದಿರುವ ರೇಟನ್ನೂ ಸೇರಿಸಿ. ಭಾಮೈದನ ಹೆಸರು ಬೇಡ. ನಿದ್ದೆಗೆ ಪ್ರತ್ಯೇಕವಾಗಿ ಏನೂ ಹೇಳಲಿಲ್ಲ, ರಾತ್ರಿ ಕಾಫಿ ಬಿಡಿ ಅಂದೆ ಅಷ್ಟೇ.

ಹದಿನೈದು ದಿನ ಬಿಟ್ಟು ಬಂದರು. ಗೌಡರು ಬೈಯಲಿಲ್ಲವಂತೆ. ದುಡ್ಡು ಎಣಿಸಿ ಪಂಚೆಗೆ ಕಟ್ಟಿಕೊಂಡು, "ಹೋದ ವರ್ಷದ್ದು?" ಅಂತ ಕೇಳಿದರಂತೆ.

"ನೀವೇನಂದ್ರಿ?" ಅಂದೆ.

ಮಂಡಿ ಅಣ್ಣ ಚೀಲದಿಂದ ಹಳೇ ಲೆಕ್ಕದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.