ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಕಚ್ಚಲು ಬಂದರೆ

ಸರ್, ನಿಮ್ಮ ಹೆಣ್ಣು ಕುದುರೆ ಜೀನು ಹಾಕುವವರೆಗೂ ಸುಮ್ಮನಿದ್ದು, ಜೀನನ್ನು ಹಿಡಿದಿಡುವ ಹೊಟ್ಟೆಪಟ್ಟಿ ಎಳೆದ ಕೂಡಲೇ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತೆ ಅಂದಿರಿ. ಮೂತಿಗೆ ಎರಡೇಟು ಬಿಡಿ ಅಂತ ನಿಮ್ಮ ಪ್ರಶ್ನೆಗೆ ಒಬ್ಬರು ಉತ್ತರ ಬರೆದಿದ್ದಾರೆ. ದಯವಿಟ್ಟು ಬೇಡ. ಕಿವಿ ಮಡಚೋದು ಎಚ್ಚರಿಕೆ. ಅದಕ್ಕೆ ಹೊಡೆದರೆ, ನಾಳೆ ಕಿವಿ ಮಡಚದೆ ನೇರ ಬಾಯಿ ಹಾಕುತ್ತೆ.

ಮೊದಲು ನೋವು ಹುಡುಕಿ. ಮುಂಗಾಲಿನ ಹಿಂದೆ, ಪಟ್ಟಿ ಕೂರುವ ಜಾಗದಲ್ಲಿ ಬೆರಳಾಡಿಸಿ: ಗಂಟು, ಕೂದಲು ಉದುರಿದ ಕಲೆ, ಉಣ್ಣಿ ಹುಳ ಇದೆಯಾ? ಸವಾರಿ ಮುಗಿಸಿ ಜೀನು ತೆಗೆದಾಗ ಸುತ್ತ ಬೆವರಿದ್ದು ನಡುವೆ ಒಣ ತೇಪೆ ಕಂಡರೆ ಅಲ್ಲಿ ಜೀನು ಒತ್ತುತ್ತಿರಬಹುದು.

ನನಗೆ ಹೆಚ್ಚು ಅನುಮಾನ ಹೊಟ್ಟೆಯ ಹುಣ್ಣಿನ ಮೇಲೆ. ನೀವೇ ಬರೆದ ಹಾಗೆ ಹಗಲು ಹುರುಳಿ, ಬೂಸಾ. ಹುಲ್ಲು ರಾತ್ರಿ ಮಾತ್ರ. ತಿನ್ನಲಿ ಬಿಡಲಿ, ಕುದುರೆಯ ಹೊಟ್ಟೆಯಲ್ಲಿ ಆಮ್ಲ ಸುರಿಯುತ್ತಲೇ ಇರುತ್ತೆ. ಅದನ್ನು ತಣಿಸುವ ಜೊಲ್ಲು ಮಾತ್ರ ಜಗಿದಾಗಲೇ ಬರೋದು. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಆಮ್ಲ ಜಠರದ ಮೇಲ್ಭಾಗಕ್ಕೆ ಚಿಮ್ಮಿ ಒಳಪದರ ಸುಡುತ್ತೆ. 300 ಕೆಜಿ ಕುದುರೆಗೆ ದಿನಕ್ಕೆ ಸುಮಾರು 4.5ರಿಂದ 6 ಕೆಜಿ ಒಣಹುಲ್ಲು ಬೇಕು, ನಾಲ್ಕೈದು ಸಲಕ್ಕೆ ಹಂಚಿ. ಸವಾರಿಗೆ ಅರ್ಧ ಗಂಟೆ ಮುಂಚೆ ಒಂದು ಕೆಜಿಯಷ್ಟು ತಿನ್ನಿಸಿ. ಹುರುಳಿ ಕಡಿಮೆ ಮಾಡಿ, ಆದರೆ ಹತ್ತು ದಿನದಲ್ಲಿ ನಿಧಾನವಾಗಿ. ಮೇವು ಏಕಾಏಕಿ ಬದಲಾದರೆ ಹೊಟ್ಟೆನೋವು ಗ್ಯಾರಂಟಿ ಅಂದುಕೊಳ್ಳಿ. ಹುಣ್ಣು ಖಚಿತವಾಗಬೇಕಾದರೆ ಎಂಡೋಸ್ಕೋಪಿಯೇ (ಕೊಳವೆ ಕ್ಯಾಮೆರಾ ಇಳಿಸಿ ಜಠರ ನೋಡೋದು) ಆಗಬೇಕು. ಆಮ್ಲ ತಗ್ಗಿಸುವ ಒಮೆಪ್ರಜೋಲ್ ಔಷಧ ವೈದ್ಯರು ಹೇಳಿದರೆ ಮಾತ್ರ. ಕುಂಟೋದಕ್ಕೆ ಫಿನೈಲ್‌ಬ್ಯೂಟಜೋನ್ ಅನ್ನೋ ನೋವಿನ ಔಷಧ ಕೊಡುತ್ತಿದ್ದರೆ ಅವರಿಗೆ ಮರೆಯದೆ ತಿಳಿಸಿ, ಅದೂ ಹುಣ್ಣು ತರಬಹುದು.

ನೋವು ಹೋದರೂ ಅದರ ನೆನಪು ಬೇಗ ಹೋಗಲ್ಲ. ಹೆಗಲ ಪಕ್ಕ ನಿಂತು, ಬರಿಗೈಯನ್ನು ಪಟ್ಟಿಯ ಜಾಗದ ಕಡೆ ಒಯ್ಯಿರಿ. ಕಿವಿ ಮಡಚುವ ಮೊದಲೇ ನಿಲ್ಲಿಸಿ. ಒಂದೆರಡು ಉಸಿರು ಸುಮ್ಮನಿದ್ದರೆ ಕೈ ತೆಗೆದು, ಕುತ್ತಿಗೆಯ ಕೇಸರ ಮುಗಿಯುವ ದಿಣ್ಣೆಯ ಹತ್ತಿರ ಕೆರೆಯಿರಿ. ಕುದುರೆಗಳು ಒಂದನ್ನೊಂದು ಅಲ್ಲೇ ಕೆರೆದುಕೊಳ್ಳೋದು. ಬಹಳ ಜನ ಎಡವೋದು ಇಲ್ಲಿ: ಅದು ಬಾಯಿ ಹಾಕಿದಾಗ ಕೈ ಎಳೆದುಕೊಂಡರೆ, ಬಾಯಿ ಹಾಕಿದರೆ ಕೈ ಹೋಗುತ್ತೆ ಅಂತ ನಾವೇ ಕಲಿಸಿದ ಹಾಗೆ. ಆ ಹಂತಕ್ಕೆ ಹೋದಿರಿ ಅಂದರೆ ಅವಸರ ಮಾಡಿದಿರಿ. ಮುಂದಿನ ಸಲ ಇನ್ನೂ ದೂರದಲ್ಲೇ ಕೈ ನಿಲ್ಲಿಸಿ. ಐದು ನಿಮಿಷ, ದಿನಕ್ಕೆ ಎರಡು ಸಲ ಸಾಕು. ಆಮೇಲೆ ಬಟ್ಟೆ, ಆಮೇಲೆ ಪಟ್ಟಿ, ಕೊನೆಗೆ ಬಕಲ್. ಬಿಗಿಯೋದು ಒಂದೊಂದೇ ತೂತು, ನಡುನಡುವೆ ಹತ್ತು ಹೆಜ್ಜೆ ನಡೆಸಿ. ಪಟ್ಟಿಯಡಿ ಎರಡು ಬೆರಳು ಚಪ್ಪಟೆಯಾಗಿ ತೂರಬೇಕು.

ಮೇವು ಬಿಟ್ಟರೆ, ಲದ್ದಿ ಕಡಿಮೆಯಾದರೆ, ಪಕ್ಕೆ ತಿರುಗಿ ತಿರುಗಿ ನೋಡುತ್ತಿದ್ದರೆ ಈ ಅಭ್ಯಾಸವೆಲ್ಲ ಬದಿಗಿಟ್ಟು ಅವತ್ತೇ ವೈದ್ಯರನ್ನು ಕರೆಸಿ.