ಮಕ್ಕಳನ್ನು ಮನೆಯಲ್ಲೇ ಓದಿಸುವವರಿಗೆ ಪಿಟ್ಸ್‌ಬರ್ಗಿನ ವಸಂತ

ಶಿವಮೊಗ್ಗದಿಂದ ಪಿಟ್ಸ್‌ಬರ್ಗಿಗೆ ಬಂದು ಇನ್ನೂ ತಿಂಗಳು ತುಂಬದ ನೀವು, ಏಳು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ಮನೆಯಲ್ಲೇ ಓದಿಸಲು ಇಲ್ಲಿನ ಕಾನೂನು ಒಪ್ಪುತ್ತದೆಯೇ, ದಿನಗಳು ಹೇಗೆ ಸಾಗುತ್ತವೆ, ಮಕ್ಕಳು ಒಂಟಿಯಾಗುವುದಿಲ್ಲವೇ ಎಂದು ಕೇಳಿದ್ದೀರಿ. ಇಬ್ಬರನ್ನು ಹೀಗೆಯೇ ಓದಿಸುತ್ತಿರುವ ನನಗೆ ಕಂಡಂತೆ ಕಾಗದಪತ್ರದ ಕೆಲಸ ಹೆದರುವಷ್ಟು ದೊಡ್ಡದಲ್ಲ; ಹಗಲಿಡೀ ಮನೆಯಲ್ಲಿ ಇನ್ನೊಬ್ಬ ದೊಡ್ಡವರಿಲ್ಲದಿರುವುದೇ ನಿಜವಾದ ಕಷ್ಟ.

ಪಿಟ್ಸ್‌ಬರ್ಗ್ ಇರುವ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 1988ರ ಕಾಯ್ದೆಯೇ ಇದಕ್ಕೆ ಅವಕಾಶ ಕೊಟ್ಟಿದೆ. ಕಡ್ಡಾಯ ಶಿಕ್ಷಣ ಆರನೆಯ ವಯಸ್ಸಿಗೆ ಆರಂಭವಾಗುವುದರಿಂದ ಮಗನಿಗೆ ಸದ್ಯ ಯಾವ ಕಾಗದವೂ ಬೇಕಿಲ್ಲ. ಮಗಳ ವಿಷಯದಲ್ಲಿ, ಏನೇನು ಕಲಿಸುತ್ತೀರೆಂಬ ವಿವರ ಮತ್ತು ಲಸಿಕೆಯ ದಾಖಲೆಯೊಂದಿಗೆ ನೋಟರಿ ಮಾಡಿಸಿದ ಅಫಿಡವಿಟ್ಟನ್ನು ಪಾಠ ಆರಂಭಿಸುವ ಮೊದಲೇ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿನ (ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದ) ಮುಖ್ಯಸ್ಥರಾದ ಸೂಪರಿಂಟೆಂಡೆಂಟರಿಗೆ ಸಲ್ಲಿಸಬೇಕು. ಆಮೇಲೆ ಪ್ರತಿ ವರ್ಷ ಆಗಸ್ಟ್ 1ರೊಳಗೆ. ವರ್ಷಕ್ಕೆ 180 ದಿನ ಅಥವಾ ಪ್ರಾಥಮಿಕ ಹಂತದಲ್ಲಿ 900 ಗಂಟೆಗಳ ಕಲಿಕೆ ಆಗಬೇಕು. ಓದಿದ ಪುಸ್ತಕಗಳ ಹೆಸರುಗಳನ್ನು ಆಗಿಂದಾಗಲೇ ಬರೆದಿಟ್ಟು, ಮಗುವಿನ ಬರಹ, ಲೆಕ್ಕ, ಚಿತ್ರಗಳ ಮಾದರಿಗಳೊಂದಿಗೆ ಒಂದು ಫೈಲು ಮಾಡಿ, ಅರ್ಹ ಶಿಕ್ಷಕರೊಬ್ಬರಿಗೆ ತೋರಿಸಿ, ಅವರು ಮಗುವಿನೊಂದಿಗೆ ಮಾತನಾಡಿ ಕೊಡುವ ಪ್ರಮಾಣಪತ್ರವನ್ನು ಜೂನ್ 30ರೊಳಗೆ ತಲುಪಿಸಬೇಕು. ಮೂರು, ಐದು ಮತ್ತು ಎಂಟನೆಯ ತರಗತಿಯಲ್ಲಿ ಮಾತ್ರ ಭಾಷೆ ಮತ್ತು ಗಣಿತಕ್ಕೆ ನಿಗದಿತ ಪರೀಕ್ಷೆಯುಂಟು. ಬೆಂಕಿಯ ಅಪಾಯ ಮತ್ತು ಅದರ ತಡೆಯ ಬಗ್ಗೆ ನಿರಂತರ ಪಾಠವಾಗಬೇಕೆಂದೂ ಕಾನೂನಿದೆ. ಒಗ್ಗರಣೆ ಹಾಕಿದಾಗಲೆಲ್ಲ ಸ್ಮೋಕ್ ಅಲಾರಂ ಕೂಗುವ ನಮ್ಮ ಮನೆಯಲ್ಲಿ ಆ ಪಾಠಕ್ಕೆ ಕೊರತೆಯಿಲ್ಲ.

ಇನ್ನು ದಿನಚರಿ. ಮಾರ್ಚ್ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಭಾರತಕ್ಕೂ ನಮಗೂ ನಡುವಿನ ಅಂತರ ಒಂಬತ್ತೂವರೆ ಗಂಟೆಗೆ ಇಳಿಯುತ್ತದೆ. ನಮ್ಮ ಬೆಳಗಿನ ಎಂಟೂವರೆ ಊರಿನಲ್ಲಿ ದೇವರ ಮುಂದೆ ದೀಪ ಹಚ್ಚುವ ಹೊತ್ತು; ಆಗ ವಿಡಿಯೊ ಕರೆ ಮಾಡುವ ಅಜ್ಜಿಗೆ ಮಕ್ಕಳು ಕನ್ನಡ ಪುಸ್ತಕದ ಒಂದು ಪುಟ ಓದಿ ಹೇಳುತ್ತಾರೆ, ಮಹಾಪ್ರಾಣ ತಪ್ಪಿದರೆ ಅವರು ಬಿಡುವವರಲ್ಲ. ಅದಾದ ಮೇಲೆ ಒಂದೂವರೆ ಗಂಟೆ ಲೆಕ್ಕ ಮತ್ತು ಇಂಗ್ಲಿಷ್. ಈ ವಯಸ್ಸಿನ ಮಕ್ಕಳನ್ನು ಅದಕ್ಕಿಂತ ಹೆಚ್ಚು ಹೊತ್ತು ಮೇಜಿಗೆ ಕಟ್ಟಿಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ. ಮನೆಯೊಳಗೆ ಇನ್ನೊಂದು ಶಾಲೆ ನಡೆಸುವುದಾದರೆ ಬೀದಿಯ ಶಾಲೆಯೇ ವಾಸಿ.

ಮಧ್ಯಾಹ್ನ ಹೊರಗೆ ಹೋಗುತ್ತೇವೆ. ನಗರದೊಳಗೇ 600 ಎಕರೆಗೂ ಮೀರಿ ಹಬ್ಬಿರುವ ಫ್ರಿಕ್ ಪಾರ್ಕಿನಲ್ಲಿ, ಏಪ್ರಿಲಿನಲ್ಲಿ ಮರಗಳು ಎಲೆ ಬಿಟ್ಟು ನೆರಳು ಮಾಡುವ ಮೊದಲೇ, ನೆಲಕ್ಕೆ ಬೀಳುವ ಬಿಸಿಲನ್ನು ಬಳಸಿಕೊಂಡು ಟ್ರಿಲಿಯಂನಂಥ ಕಾಡುಹೂಗಳು ಅವಸರದಲ್ಲಿ ಅರಳಿ ಮುಗಿಯುತ್ತವೆ. ವಾರವಾರ ಅದೇ ಜಾಗಕ್ಕೆ ಹೋಗಿ ಚಿತ್ರ ಬರೆದರೆ ಅದೇ ವಿಜ್ಞಾನದ ಪಾಠ, ಫೈಲಿಗೆ ಮಾದರಿಯೂ ಹೌದು. ಮಳೆ ನಿಂತ ದಿನ ಮಾತ್ರ ಪಾರ್ಕು ಮುಟ್ಟುವುದೇ ಕಷ್ಟ. ಕಾಲುದಾರಿಗೆ ಬಂದ ಎರೆಹುಳುಗಳನ್ನು ನನ್ನ ಕಿರಿಯವನು ಒಂದೊಂದಾಗಿ ಹೆಕ್ಕಿ ಹುಲ್ಲಿಗೆ ಬಿಡದೆ ಮುಂದೆ ಹೆಜ್ಜೆ ಇಡುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆಯ ಸೀಮೆಯಿಂದ ಬಂದ ನಿಮಗೆ ಉಣುಗಿನ ಪರಿಚಯವಿದ್ದೇ ಇರುತ್ತದೆ. ಇಲ್ಲಿನ ಉಣುಗು ಹರಡುವುದು ಲೈಮ್ ಕಾಯಿಲೆಯನ್ನು, ಮತ್ತು ವಸಂತದ ಕೊನೆಗೆ ಓಡಾಡುವ ಅದರ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಹೊರಗಿನಿಂದ ಬಂದ ಕೂಡಲೇ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕೂದಲಿನ ಬುಡ, ಕಂಕುಳು, ಮಂಡಿಯ ಹಿಂಭಾಗವನ್ನೆಲ್ಲ ಬೆರಳಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಎಣ್ಣೆ ಹಚ್ಚುವುದು, ಸುಡುವುದು ಬೇಡ. ಮುಂದಿನ ವಾರಗಳಲ್ಲಿ ಜ್ವರವೋ ಹರಡುವ ಕೆಂಪು ಕಲೆಯೋ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಒಂಟಿತನದ ಬಗ್ಗೆ ಕೇಳಿದ್ದೀರಿ. ಮಕ್ಕಳಿಗೆ ಲೈಬ್ರರಿಯ ಕಥೆಯ ಹೊತ್ತು, ಆಟದ ಮೈದಾನ, ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಬರುವ ನಮ್ಮವರ ಮಕ್ಕಳು, ಹೀಗೆ ಜೊತೆ ಸಿಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಮಾತನ್ನಷ್ಟೇ ಕೇಳುತ್ತಾ, ಅಡುಗೆ, ಪಾತ್ರೆ, ಪಾಠ ಎಲ್ಲವನ್ನೂ ಒಬ್ಬರೇ ಹೊರುವ ತಾಯಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ವಾರದಲ್ಲಿ ಒಂದು ಇಡೀ ದಿನದ ಪಾಠವನ್ನು ಯಜಮಾನರೇ ನಡೆಸಬೇಕೆಂದು ಮೊದಲೇ ಮಾತನಾಡಿಕೊಳ್ಳಿ. ಶನಿವಾರದ ಕಲಿಕೆಯೂ 180ರ ಲೆಕ್ಕಕ್ಕೆ ಸೇರುತ್ತದೆ.

ಈ ವಸಂತದಲ್ಲೇ ಆರಂಭಿಸಬೇಕೇ ಎಂದರೆ, ಬೇಡವೆನ್ನುತ್ತೇನೆ. ಶಾಲಾ ವರ್ಷ ಜೂನ್ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಮಗಳನ್ನು ಹತ್ತಿರದ ಸರ್ಕಾರಿ ಶಾಲೆಗೆ ಕಳುಹಿಸಿ, ಅದಕ್ಕೆ ಶುಲ್ಕವಿಲ್ಲ, ವೀಸಾ ಯಾವುದೆಂದು ಕೇಳುವ ಪ್ರಮೇಯವೂ ಇಲ್ಲ. ಮಕ್ಕಳ ಆಟದ ಇಂಗ್ಲಿಷೂ ನಾಲ್ಕಾರು ಗೆಳತಿಯರೂ ಅಲ್ಲಿ ಬೇಗ ಸಿಗುತ್ತಾರೆ. ಅಷ್ಟಾದ ಮೇಲೂ ಮನೆಯಲ್ಲೇ ಓದಿಸುವ ಮನಸ್ಸಿದ್ದರೆ ಜುಲೈನಲ್ಲಿ ತಿಳಿಸಿ, ಅಫಿಡವಿಟ್ ಬರೆಯುವಾಗ ಜೊತೆಗೆ ಕೂರುತ್ತೇನೆ.